ಕ್ವಾರಿ ಗಡಿ ದಾಟಿದೆಯಾ ಅಂತ ಫೋನ್ ಇಟ್ಟುಕೊಂಡು ನೋಡಬಹುದಾ?

ಬೆಟ್ಟದ_ಬುಡ

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸಣ್ಣ ಊರು. ಊರ ಪಕ್ಕದ ಗುಡ್ಡದಲ್ಲಿ ಜಲ್ಲಿ ಕ್ವಾರಿ ಇದೆ. ಗುತ್ತಿಗೆ ಕೊಟ್ಟಿರುವುದು 4 ಎಕರೆಗೆ ಅಂತಾರೆ. ನೋಡಿದರೆ ಅದಕ್ಕಿಂತ ಜಾಸ್ತಿ ತೋಡಿದ ಹಾಗೆ ಕಾಣುತ್ತದೆ.

ಗುಡ್ಡದ ಮೇಲೊಂದು ಹುಣಸೆ ಮರ ಇದೆ. ಹುಡುಗನಾಗಿದ್ದಾಗ ಕುರಿ ಬಿಟ್ಟುಕೊಂಡು ಅದರ ನೆರಳಲ್ಲಿ ಮಲಗುತ್ತಿದ್ದೆ. ಈಗ ಅದರ ಬುಡದಿಂದ ಹತ್ತು ಹೆಜ್ಜೆ ಇಟ್ಟರೆ ನೇರ ಗುಂಡಿ. ಬೇಲಿ ಇಲ್ಲ. ಬಾಂದು ಕಲ್ಲು ಎಲ್ಲಿತ್ತು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸುತ್ತಾರೆ.

2021ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟ ಆಗಿತ್ತು. ಅವತ್ತಿನಿಂದ ಮಧ್ಯಾಹ್ನ ಕ್ವಾರಿಯಲ್ಲಿ ಸದ್ದಾದರೆ ಅಮ್ಮ ಕೈಯಲ್ಲಿರುವ ಪಾತ್ರೆ ಕೆಳಗಿಟ್ಟು ಸುಮ್ನೆ ನಿಂತುಬಿಡುತ್ತಾರೆ.

ದೂರು ಕೊಟ್ಟರೆ "ಸಾಕ್ಷಿ ಏನಿದೆ?" ಅಂತ ಕೇಳುತ್ತಾರೆ. ಕೈಯಲ್ಲಿ ಒಂದು ಮಾಮೂಲಿ ಫೋನ್ ಇದೆ. ಇದರಲ್ಲೇ ಅಳೆದು ತೋರಿಸೋಕೆ ಆಗುತ್ತಾ? ಗೊತ್ತಿರೋರು ಹೇಳಿ.

ನಕ್ಷೆಗಾರ

ಆಗುತ್ತೆ. ಆದರೆ ಫೋನ್ ತೆಗೆದುಕೊಂಡು ನೇರ ಗುಡ್ಡಕ್ಕೆ ಹೋಗಬೇಡಿ. ಗುಂಡಿ ಎಲ್ಲಿದೆ ಅಂತ ಎಲ್ಲರಿಗೂ ಕಾಣುತ್ತೆ. ಗಡಿ ಎಲ್ಲಿದೆ ಅನ್ನುವುದೇ ಕಾಣಲ್ಲ. ಮೊದಲು ಅದನ್ನು ಹುಡುಕಬೇಕು.

2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಅದಾದ ಮೇಲೆ 5 ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕು. ನಿಮ್ಮ 4 ಎಕರೆ ಅಂದರೆ ಸುಮಾರು 1.6 ಹೆಕ್ಟೇರ್. ಅದಕ್ಕೂ ಅನುಮತಿ ಪತ್ರ ಇರಲೇಬೇಕು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಸರ್ವೆ ನಂಬರ್ ಹಾಕಿ ಹುಡುಕಿ. ಅರ್ಜಿಯ ಜೊತೆ ಗುತ್ತಿಗೆಯ ಮೂಲೆಗಳ ಅಕ್ಷಾಂಶ ರೇಖಾಂಶ ಇರುತ್ತದೆ. ಎಷ್ಟೋ ಸಲ ಕೆಎಂಎಲ್ ಫೈಲೇ ಸಿಗುತ್ತದೆ. ಅದನ್ನು ಗೂಗಲ್ ಅರ್ತ್‌ನಲ್ಲಿ ತೆರೆದರೆ ಗುಡ್ಡದ ಮೇಲೆ ಗೆರೆ ಎಳೆದ ಹಾಗೆ ಗಡಿ ಕಾಣುತ್ತದೆ.

ಅಲ್ಲಿ ಸಿಗದಿದ್ದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಗುತ್ತಿಗೆ ಸ್ಕೆಚ್ ಕೇಳಿ. 30 ದಿನ ಕಾಯಬೇಕು ಅಷ್ಟೇ. ಅನುಮತಿ ಪತ್ರದ ಒಂದು ಪ್ರತಿ ಪಂಚಾಯಿತಿಗೂ ಬಂದಿರಬೇಕು. ಬೀರುವಿನಲ್ಲಿ ಹುಡುಕಿಸಿ ನೋಡಿ.

ಬೆಟ್ಟದ_ಬುಡ

ತುಂಬಾ ಥ್ಯಾಂಕ್ಸ್ ಅಣ್ಣ. ನಾನು ದಿಶಾಂಕ್ ಆ್ಯಪ್ ಹಾಕಿಕೊಂಡು ಮರದ ಕೆಳಗೆ ನಿಂತು ನೋಡಿದ್ದೆ. ಪಕ್ಕದ ಸರ್ವೆ ನಂಬರ್ ತೋರಿಸಿತು. ಅಂದರೆ ಗಡಿ ದಾಟಿದ್ದಾರೆ ಅಂತ ಅರ್ಥ ಅಲ್ವಾ?

ಸರ್ವೆ_ಚೈನು

ಸ್ವಲ್ಪ ತಡೀರಿ. ನಾನು ಭೂಮಾಪನ ಕೆಲಸದಲ್ಲೇ ಜೀವನ ಕಳೆದವನು, ಅದಕ್ಕೇ ಹೇಳುತ್ತಿದ್ದೇನೆ.

ದಿಶಾಂಕ್ ಬಹಳ ಒಳ್ಳೆಯ ಆ್ಯಪ್. ರಾಜ್ಯ ದೂರಸಂವೇದಿ ಕೇಂದ್ರದವರು ಮಾಡಿದ್ದು. ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ. ಆದರೆ ಅದರ ಹಿಂದಿರುವುದು ಹಳೆಯ ಗ್ರಾಮ ನಕ್ಷೆ. ಕಾಗದದ ನಕ್ಷೆಯನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ಗೆರೆಗಳು ಅಲ್ಲಲ್ಲಿ ಸರಿಯುತ್ತವೆ. ದಾರಿ ತೋರಿಸೋಕೆ ಸಾಕು. ಗಡಿ ತಕರಾರಿಗೆ ಅದು ಸಾಕಾಗಲ್ಲ.

ಇನ್ನು ಫೋನಿನ ಜಿಪಿಎಸ್. ಬಯಲಿನಲ್ಲಿ ನಿಂತರೆ 3ರಿಂದ 5 ಮೀಟರ್ ಆಚೀಚೆ ತೋರಿಸುತ್ತದೆ. ನಮ್ಮ ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಹತ್ತಿರ ಹತ್ತಿರ 10 ಮೀಟರಿಗೆ 10 ಮೀಟರ್. ಅಂದರೆ ಫೋನಿನ ತಪ್ಪೇ ಅರ್ಧ ಗುಂಟೆ ಅಗಲ ಆಯಿತು. ಮರದ ಕೆಳಗೆ ನಿಂತರೆ ಇನ್ನೂ ಜಾಸ್ತಿ. ಕ್ವಾರಿ ಗೋಡೆಯ ಪಕ್ಕ ನಿಂತರಂತೂ ಸಿಗ್ನಲ್ ಬಂಡೆಗೆ ಬಡಿದು ವಾಪಸ್ ಬರುತ್ತದೆ, ಆಗ ಫೋನ್ ನಿಮ್ಮನ್ನು ಎಲ್ಲೆಲ್ಲೋ ನಿಲ್ಲಿಸುತ್ತದೆ. ನೀವು ನಿಂತಿದ್ದು ಮರದ ಕೆಳಗೆ. ಅದನ್ನು ನಂಬಿಕೊಂಡು ದೂರು ಬರೆಯಬೇಡಿ.

ಮರದಿಂದ ಈಚೆ ಬನ್ನಿ, ಆಕಾಶ ತೆರೆದು ಕಾಣುವ ಕಡೆ ನಿಲ್ಲಿ. ಫೋನನ್ನು ಎರಡು ಮೂರು ನಿಮಿಷ ಅಲ್ಲಾಡಿಸದೆ ಹಿಡಿಯಿರಿ. ಆ್ಯಪ್ ತೋರಿಸುವ ನಿಖರತೆಯ ಸಂಖ್ಯೆಯನ್ನೂ ಬರೆದುಕೊಳ್ಳಿ. ಅದೇ ಜಾಗಕ್ಕೆ ಬೇರೆ ಬೇರೆ ದಿನ ಮೂರು ಸಲ ಹೋಗಿ. ಮೂರೂ ಸಲ ಗಡಿಯಿಂದ 15 ಮೀಟರ್ ಹೊರಗೆ ಬಂದರೆ ಅದರಲ್ಲಿ ಹುರುಳಿದೆ. 4 ಮೀಟರ್ ಬಂದರೆ ಏನೂ ಹೇಳೋಕಾಗಲ್ಲ.

ಇನ್ನೊಂದು ವಿಷಯ. ಹಳೆಯ ಗುತ್ತಿಗೆ ಪತ್ರದಲ್ಲಿ ಡಿಗ್ರಿ, ನಿಮಿಷ, ಸೆಕೆಂಡ್ ಇರುತ್ತದೆ. ಒಂದು ಸೆಕೆಂಡ್ ಅಂದರೆ ನೆಲದ ಮೇಲೆ ಸುಮಾರು 30 ಮೀಟರ್. ಸೆಕೆಂಡಿನ ಮುಂದೆ ದಶಮಾಂಶ ಬರೆಯದೆ ಬಿಟ್ಟಿದ್ದರೆ ಆ ಮೂಲೆ ಅರ್ಧ ಗುಡ್ಡದಷ್ಟು ಅನುಮಾನ. ಹಳೆಯ ಭಾರತೀಯ ಮಾನಕದಲ್ಲಿ ಬರೆದ ಅಂಕಿಯನ್ನು ಹಾಗೇ ಫೋನಿಗೆ ಹಾಕಿದರೆ 100 ಮೀಟರಿಗೂ ಜಾಸ್ತಿ ಸರಿದು ಕೂರುತ್ತದೆ. ಫೋನ್ ಬಳಸುವುದು ಡಬ್ಲ್ಯೂಜಿಎಸ್ 84 ಅನ್ನುವ ಜಾಗತಿಕ ಮಾನಕ. ಪತ್ರದಲ್ಲಿರುವುದು ಯಾವುದು ಅಂತ ನೋಡಿಕೊಳ್ಳಿ.

ಚಾಣ_ಸುತ್ತಿಗೆ

ನಾನು ಕಲ್ಲು ಒಡೆಯುವ ಮನೆಯಿಂದ ಬಂದವನು. ಈ ಚರ್ಚೆ ಓದಿ ಖುಷಿಯೂ ಆಯಿತು, ಭಯವೂ ಆಯಿತು.

ನಮ್ಮಪ್ಪ ಬಂಡೆಯ ಮೇಲೆ ಸೌದೆ ಸುಟ್ಟು ಚಪ್ಪಡಿ ಎಬ್ಬಿಸುತ್ತಿದ್ದರು. ಬೆಂಕಿಯನ್ನು ಒಂದೇ ಸಮ ಮುಂದೆ ಮುಂದೆ ತಳ್ಳುತ್ತಾ ಹೋಗಬೇಕು. ಬಂಡೆ ಕಾದು ಒಳಗಿಂದ ಬಿಟ್ಟುಕೊಂಡಾಗ ಸದ್ದು ಬದಲಾಗುತ್ತದೆ. ಅಪ್ಪ ಸುತ್ತಿಗೆಯ ಹಿಂಬದಿಯಲ್ಲಿ ತಟ್ಟಿ, ಕಿವಿಗೊಟ್ಟು, "ಇಲ್ಲಿವರೆಗೂ ಎದ್ದಿದೆ" ಅಂತ ಇದ್ದಿಲಲ್ಲಿ ಗೆರೆ ಎಳೆಯುತ್ತಿದ್ದರು. ಮದ್ದು ಇಲ್ಲ, ಮಿಷನ್ ಇಲ್ಲ. ಆಮೇಲೆ ಚಾಣ ಇಟ್ಟು ಬೇಕಾದ ಅಳತೆಗೆ ಸೀಳುವುದು.

ಅಂಥವರ ಹತ್ತಿರ ಪರ್ಮಿಟ್ ಎಲ್ಲಿಂದ ಬರಬೇಕು? ನಕ್ಷೆಯಲ್ಲಿ ಚುಕ್ಕಿ ಹಾಕಿ "ಅಕ್ರಮ" ಅಂತ ಬರೆದರೆ ಮೊದಲು ಜೀಪು ಬಂದು ನಿಲ್ಲುವುದು ಅವರ ಮುಂದೆ. ಸುತ್ತಿಗೆ, ಚಾಣ ಎತ್ತಿಕೊಂಡು ಹೋಗುತ್ತಾರೆ. ಹಿಟಾಚಿ ಅಲ್ಲೇ ಇರುತ್ತದೆ. ನನ್ನ ಕಣ್ಣೆದುರೇ ಹೀಗಾಗಿದೆ. ವಾರಗಟ್ಟಲೆ ಮನೆಯಲ್ಲಿ ಒಲೆ ಹೊತ್ತಿಲ್ಲ.

ಬೆಟ್ಟದ_ಬುಡ ಅಣ್ಣ, ನೀವು ಅಳೆಯುವುದನ್ನು ಬೇಡ ಅಂತ ಹೇಳುತ್ತಿಲ್ಲ. ಕೈಯಲ್ಲಿ ಒಡೆಯುವ ಜಾಗ ಬೇರೆ, ಮಿಷನ್ನಿನ ಜಾಗ ಬೇರೆ ಅಂತ ಗುರುತು ಮಾಡಿ. ಕೆಲಸ ಮಾಡುವವರ ಮುಖ ಫೋಟೋದಲ್ಲಿ ಬರಬಾರದು. ಇಷ್ಟು ಮಾಡಿ ಸಾಕು.

ಫಲ್ಗುಣಿ_ದಂಡೆ

ಮೇಲಿನವರು ಹೇಳಿದ್ದು ನಮ್ಮ ದಕ್ಷಿಣ ಕನ್ನಡದ ಮರಳಿಗೂ ಸರಿಯಾಗುತ್ತದೆ ಮಾರಾಯ್ರೆ. ಇಲ್ಲಿ ಸಮುದ್ರಕ್ಕೆ ಹತ್ತಿರದ ನದಿಗಳಲ್ಲಿ ಮರಳು ದಿಬ್ಬ ತೆಗೆಯೋಕೆ ಸಾಂಪ್ರದಾಯಿಕವಾಗಿ ಆ ಕೆಲಸ ಮಾಡುವವರಿಗೆ ಮಾತ್ರ ಪರವಾನಗಿ ಕೊಡುತ್ತಿದ್ದರು. ದೋಣಿಯಲ್ಲಿ ಹೋಗಿ ಕೈಯಿಂದಲೇ ತೆಗೆಯಬೇಕಿತ್ತು, ಮಿಷನ್ ಹಾಕುವಂತಿರಲಿಲ್ಲ. ಯಾವ ದಿಬ್ಬ, ಎಷ್ಟು ಆಳ ಅಂತ ಸುರತ್ಕಲ್‌ನ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನವರು ಸರ್ವೆ ಮಾಡಿ ಹೇಳುತ್ತಿದ್ದರು. ಮರಳಿನ ಲಾರಿಗೆ ಜಿಪಿಎಸ್ ಕಡ್ಡಾಯ.

ಇಷ್ಟೆಲ್ಲ ಇದ್ದರೂ ರಾತ್ರಿ ಎಲ್ಲಿ ದೋಣಿ ನಿಲ್ಲುತ್ತದೆ ಅಂತ ಊರಿನವರಿಗೇ ಗೊತ್ತು. 2018ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಮೂಲರಪಟ್ಣ ಸೇತುವೆ ಕುಸಿಯಿತು. ಬುಡದ ಮರಳು ತೆಗೆದದ್ದೇ ಕಾರಣ ಅಂತ ಜನ ಆಗಲೇ ಹೇಳಿದರು. ಸೇತುವೆ ಬೀಳುವ ಮೊದಲು ತಿಂಗಳಿಗೊಂದು ಫೋಟೋ, ಅದೇ ಕಂಬ, ಅದೇ ಜಾಗದಿಂದ ಯಾರಾದರೂ ತೆಗೆದಿಟ್ಟಿದ್ದರೆ? ಆ ವಿಚಾರ ನನ್ನ ತಲೆಯಿಂದ ಹೋಗುವುದೇ ಇಲ್ಲ.

ನೀರಿನ ಅಡಿಯಲ್ಲಿ ಎಷ್ಟು ಆಳ ಹೋಗಿದೆ ಅಂತ ಫೋನಿಗೆ ಕಾಣುವುದಿಲ್ಲ. ಹಾಗಾಗಿ ನಾವು ಕಾಣುವುದನ್ನೇ ಹಿಡಿದುಕೊಂಡಿದ್ದೇವೆ. ಧಕ್ಕೆ (ದೋಣಿ ನಿಲ್ಲುವ ಕಟ್ಟೆ) ಎಲ್ಲಿದೆ, ಮರಳು ಎಲ್ಲಿ ರಾಶಿ ಬೀಳುತ್ತದೆ, ಲಾರಿ ಇಳಿಯೋಕೆ ಹೊಸ ದಾರಿ ಎಲ್ಲಿ ಮಾಡಿದ್ದಾರೆ, ಸೇತುವೆ ಕಂಬದ ಬುಡ ಎಷ್ಟು ತೆರೆದಿದೆ. ಕಂಬಕ್ಕೆ ಬಣ್ಣದಲ್ಲಿ ಅಡಿ ಗುರುತು ಇದ್ದರಂತೂ ಫೋಟೋ ಒಂದೇ ಸಾಕು.

ನಕ್ಷೆಗಾರ

ಫಲ್ಗುಣಿಯವರು ಹೇಳಿದ "ಅದೇ ಜಾಗದಿಂದ ತಿಂಗಳಿಗೊಂದು ಫೋಟೋ" ಅನ್ನುವುದು ಬಹಳ ದೊಡ್ಡ ಮಾತು. ಒಂದು ದಿನದ ನೂರು ಫೋಟೋಗಿಂತ ಒಂದು ವರ್ಷದ ಹನ್ನೆರಡು ಫೋಟೋ ಜಾಸ್ತಿ ಹೇಳುತ್ತವೆ.

ಅದರ ಜೊತೆ ಆಕಾಶದಿಂದಲೂ ನೋಡಬಹುದು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಉಚಿತ. ಸುಮಾರು 5 ದಿನಕ್ಕೊಮ್ಮೆ ಹೊಸದು ಬರುತ್ತದೆ. ಅದರ ಒಂದು ಚುಕ್ಕಿ 10 ಮೀಟರಿಗೆ 10 ಮೀಟರ್, ಅಂದರೆ ಸರ್ವೆಯವರು ಹೇಳಿದ ಹಾಗೆ ಸರಿಯಾಗಿ ಒಂದು ಗುಂಟೆ! 4 ಎಕರೆ ಕ್ವಾರಿ ಅಂದರೆ ಸುಮಾರು 160 ಚುಕ್ಕಿ. ಕಪ್ಪು ಬಂಡೆ, ಹುಲ್ಲು ಇದ್ದ ಜಾಗ ಬೆಳ್ಳಗಾಗುತ್ತಾ ಹೋಗುವುದು ಚೆನ್ನಾಗಿ ಕಾಣುತ್ತದೆ. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ, ಅದೊಂದು ತೊಂದರೆ. ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಚಿತ್ರಕ್ಕೆ ಹಿಂದೆ ಹೋದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಬೇಕಾದ ತಿಂಗಳಿನದು ಸಿಗಲ್ಲ.

ಸರ್ಕಾರದ ಹತ್ತಿರವೂ ಇಂಥದ್ದೇ ಇದೆ. ಕೇಂದ್ರ ಗಣಿ ಸಚಿವಾಲಯ 2016ರಲ್ಲಿ ಗಣಿಗಾರಿಕೆ ಕಣ್ಗಾವಲು ವ್ಯವಸ್ಥೆ ಶುರು ಮಾಡಿತು. ಗುತ್ತಿಗೆ ಗಡಿಯಿಂದ 500 ಮೀಟರ್ ಸುತ್ತ ನೆಲದಲ್ಲಿ ಬದಲಾವಣೆ ಆದರೆ ಉಪಗ್ರಹ ಚಿತ್ರದಿಂದ ಗೊತ್ತಾಗುತ್ತದೆ. ಅಧಿಕಾರಿ ಮೊಬೈಲ್ ಆ್ಯಪ್ ಹಿಡಿದು ಜಾಗಕ್ಕೆ ಹೋಗಿ ಪರೀಕ್ಷೆ ಮಾಡಬೇಕು. ಅದು ಶುರುವಾಗಿದ್ದು ಕಬ್ಬಿಣದ ಅದಿರಿನಂಥ ದೊಡ್ಡ ಖನಿಜಗಳಿಗೆ. ಜಲ್ಲಿ, ಮರಳು ರಾಜ್ಯದ ಕೈಯಲ್ಲಿರುವ ಉಪಖನಿಜ. ಸಾವಿರಾರು ಸಣ್ಣ ಗುಂಡಿಗಳು. ಅಷ್ಟಕ್ಕೂ ಓಡಾಡುವಷ್ಟು ಸಿಬ್ಬಂದಿ ಯಾವ ಜಿಲ್ಲೆಯಲ್ಲೂ ಇಲ್ಲ. ಊರಿನವರ ಕಣ್ಣು ಬೇಕಾಗುವುದು ಇಲ್ಲೇ.

ದೂರದೂರಿನವ

ಕೆಲಸದ ಮೇಲೆ ಕೆಲವು ವರ್ಷ ಮಧ್ಯ ಆಫ್ರಿಕಾದಲ್ಲಿದ್ದೆ. ಅಲ್ಲಿ ಈ ಕೆಲಸ ನಮಗಿಂತ ಮುಂಚೆ ಶುರುವಾಗಿದೆ.

ಕಾಂಗೋದ ಪೂರ್ವ ಭಾಗದಲ್ಲಿ ಚಿನ್ನ, ತವರ, ಕೋಲ್ಟನ್ ಅನ್ನುವ ಅದಿರು ತೆಗೆಯುವುದು ಹೆಚ್ಚಾಗಿ ಕೈಯಲ್ಲೇ. ಗುದ್ದಲಿ, ಸಲಿಕೆ, ಗೋಣಿಚೀಲ. ಬೆಲ್ಜಿಯಂನ ಐಪಿಐಎಸ್ ಅನ್ನುವ ಸಂಸ್ಥೆ 2009ರಿಂದ ಆ ಗುಂಡಿಗಳ ನಕ್ಷೆ ಮಾಡುತ್ತಿದೆ. ಸ್ಥಳೀಯರಿಗೇ ತರಬೇತಿ ಕೊಟ್ಟು ಗುಂಡಿಯಿಂದ ಗುಂಡಿಗೆ ಕಳಿಸುತ್ತಾರೆ. ನೆಟ್‌ವರ್ಕ್ ಇರಲ್ಲ. ಫೋನಿನಲ್ಲಿ ಪ್ರಶ್ನೆ ಪಟ್ಟಿ ತುಂಬಿಕೊಂಡು ಪಟ್ಟಣಕ್ಕೆ ಬಂದ ಮೇಲೆ ಕಳಿಸುತ್ತಾರೆ. ಹೀಗೆ 2,000ಕ್ಕೂ ಜಾಸ್ತಿ ಜಾಗ ಗುರುತಾಗಿದೆ.

ಅವರು ಬರೀ ಜಾಗ ಬರೆದುಕೊಳ್ಳಲ್ಲ. ಎಷ್ಟು ಜನ ತೋಡುತ್ತಾರೆ, ಯಾವ ಖನಿಜ, ಬಂದೂಕು ಹಿಡಿದವರು ಬಂದು ವಸೂಲಿ ಮಾಡುತ್ತಾರಾ, ದಾರಿಯಲ್ಲಿ ಎಲ್ಲಿ ತಡೆದು ದುಡ್ಡು ಕೀಳುತ್ತಾರೆ, ಇದೆಲ್ಲ ಬರೆಯುತ್ತಾರೆ. ಅಂದರೆ ತೋಡುವವನನ್ನು ಹಿಡಿಯೋಕೆ ಮಾಡಿದ ನಕ್ಷೆ ಅಲ್ಲ ಅದು. ತೋಡುವವನ ಬೆವರಿನ ದುಡ್ಡು ಯಾರ ಜೇಬಿಗೆ ಹೋಗುತ್ತಿದೆ ಅಂತ ತೋರಿಸುವ ನಕ್ಷೆ. ಚಾಣ_ಸುತ್ತಿಗೆಯವರು ಬರೆದದ್ದು ಓದಿದಾಗ ನನಗೆ ಇದೇ ನೆನಪಾಯಿತು. ಪ್ರಶ್ನೆ ಪಟ್ಟಿಯಲ್ಲಿ ಏನು ಕೇಳುತ್ತೇವೆ ಅನ್ನುವುದರ ಮೇಲೆ ನಕ್ಷೆ ಯಾರ ಪರ ಅಂತ ಮೊದಲೇ ತೀರ್ಮಾನ ಆಗಿರುತ್ತದೆ.

ಎರಡೆಕರೆ_ಗುತ್ತಿಗೆ

ನಾನೂ ಒಂದು ಸಣ್ಣ ಕ್ವಾರಿ ನಡೆಸುವವನು. ಬೈಯಬೇಡಿ, ಪೂರ್ತಿ ಓದಿ.

ಗುತ್ತಿಗೆ ಸಿಕ್ಕಾಗ ಮೂಲೆಗೆ ಕಂಬ ನೆಟ್ಟು ಕೊಟ್ಟಿದ್ದರು. ಕಾಗದದ ಪ್ರಕಾರ ಗಡಿಯಿಂದ 7.5 ಮೀಟರ್ ಒಳಗೆ ಬಿಟ್ಟು ತೋಡಬೇಕು. ಹಂತ ಹಂತವಾಗಿ ಇಳಿಯಬೇಕು, ಒಂದು ಹಂತ 6 ಮೀಟರಿಗಿಂತ ಎತ್ತರ ಇರಬಾರದು. 2 ಎಕರೆಯಲ್ಲಿ ಸುತ್ತ 7.5 ಮೀಟರ್ ಬಿಟ್ಟು, ಹಂತಗಳಿಗೂ ಜಾಗ ಬಿಟ್ಟು ನೋಡಿ, ತಳಕ್ಕೆ ಹೋಗುವಷ್ಟರಲ್ಲಿ ಎಷ್ಟು ಉಳಿಯುತ್ತದೆ? ಇಷ್ಟು ಸಣ್ಣ ತುಂಡುಗಳಲ್ಲಿ ಗುತ್ತಿಗೆ ಕೊಡುವುದರಲ್ಲೇ ತೊಂದರೆ ಇದೆ. ಅದನ್ನು ಯಾರೂ ಮಾತಾಡಲ್ಲ.

ನನ್ನ ಪಕ್ಕದ ಗುತ್ತಿಗೆಯವರು ನನ್ನ ಕಡೆಗೆ ತೋಡಿದರು. ದೂರು ಬಂದದ್ದು ನನ್ನ ಮೇಲೆ. ಆಗ ನನ್ನನ್ನು ಉಳಿಸಿದ್ದು ನನ್ನ ಹುಡುಗ ಪ್ರತಿ ತಿಂಗಳು ಫೋನಿನಲ್ಲಿ ಸುತ್ತು ಹೊಡೆದು ಉಳಿಸಿಟ್ಟ ಟ್ರ್ಯಾಕ್. ಹಾಗಾಗಿ ಊರಿನವರು ಅಳೆಯಲಿ ಅಂತಲೇ ಹೇಳುತ್ತೇನೆ. ಬ್ಲಾಸ್ಟಿಂಗ್ ಹೊತ್ತಲ್ಲಿ ಮಾತ್ರ ಹತ್ತಿರ ಬರಬೇಡಿ. ಕೆಂಪು ಬಾವುಟ ಕಂಡರೆ ಹಿಂದೆ ಹೋಗಿ. ಒಳಗೆ ಇಳಿಯಲೇಬೇಡಿ, ಅಂಚಿನ ಕಲ್ಲು ಯಾವಾಗ ಜಾರುತ್ತೆ ಅಂತ ನಮಗೇ ಗೊತ್ತಾಗಲ್ಲ.

ಸರ್ವೆ_ಚೈನು

ಗುತ್ತಿಗೆಯವರು ಬರೆದದ್ದು ಸತ್ಯ. ಗಡಿ ಸ್ಪಷ್ಟ ಇದ್ದರೆ ಸರಿಯಾಗಿ ಕೆಲಸ ಮಾಡುವವರಿಗೇ ಲಾಭ.

ಬಳ್ಳಾರಿ ನೆನಪಿದೆ ಅಲ್ವಾ? ಅಲ್ಲಿಯದು ದೊಡ್ಡ ಗಣಿಗಾರಿಕೆ, ಆದರೂ ಕೊನೆಗೆ ನಿಂತದ್ದು ಗಡಿಯ ಮೇಲೇ. ಸುಪ್ರೀಂ ಕೋರ್ಟ್ ಜಂಟಿ ಸರ್ವೆ ಮಾಡಿಸಿತು. ಗುತ್ತಿಗೆಯ ಹೊರಗೆ ಎಷ್ಟು ತೋಡಿದ್ದಾರೆ, ಎಷ್ಟು ಮಣ್ಣು ಸುರಿದಿದ್ದಾರೆ ಅಂತ ಅಳೆದು ಗಣಿಗಳನ್ನು ಎ, ಬಿ, ಸಿ ಅಂತ ಬೇರೆ ಮಾಡಿದರು. ಅತಿ ಹೆಚ್ಚು ದಾಟಿದ ಸಿ ವರ್ಗದ 51 ಗುತ್ತಿಗೆ 2013ರಲ್ಲಿ ರದ್ದಾದವು. ಮಣ್ಣು ಸುರಿದದ್ದನ್ನೂ ಅಳೆದರು ಅನ್ನುವುದನ್ನು ಮರೆಯಬೇಡಿ. ಎಲ್ಲರೂ ಗುಂಡಿಯನ್ನೇ ನೋಡುತ್ತಾರೆ, ರಾಶಿ ಎಲ್ಲಿ ಬಿದ್ದಿದೆ ಅಂತ ನೋಡಲ್ಲ.

ಒಂದು ಗುಂಟೆ ದಾಟಿದರೆ ಏನು ಮಹಾ ಅಂತ ಕೆಲವರು ಕೇಳುತ್ತಾರೆ. ಒಂದು ಗುಂಟೆ, 6 ಮೀಟರ್ ಆಳ ಅಂದರೆ 600 ಘನ ಮೀಟರ್. ಗ್ರಾನೈಟ್ ತೂಕದಲ್ಲಿ 1,600 ಟನ್ ಆಸುಪಾಸು. ಟಿಪ್ಪರಿಗೆ 16 ಟನ್ ಹಿಡಿದರೆ ನೂರು ಲೋಡು.

ಸಾಕ್ಷಿ ವಿಷಯ. ಫೋಟೋಗಳನ್ನು ವಾಟ್ಸಾಪಲ್ಲಿ ಮಾಮೂಲಿಯಾಗಿ ಕಳಿಸಬೇಡಿ, ಒಳಗಿರುವ ಜಾಗ, ಸಮಯದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಮೂಲ ಫೈಲ್ ಫೋನಿನಲ್ಲೇ ಇರಲಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯ 22ನೇ ಕಲಂ ಪ್ರಕಾರ ಅಧಿಕಾರ ಇರುವ ಅಧಿಕಾರಿ ಬರೆದು ಕೊಟ್ಟ ದೂರಿನ ಮೇಲಷ್ಟೇ ಕೋರ್ಟ್ ಆ ಕಾಯ್ದೆಯ ಕೇಸು ತೆಗೆದುಕೊಳ್ಳುತ್ತದೆ. ಅಂದರೆ ನಿಮ್ಮ ನಕ್ಷೆ ಶಿಕ್ಷೆ ಕೊಡಿಸಲ್ಲ. ಅಧಿಕಾರಿಯನ್ನು ಜಾಗಕ್ಕೆ ಕರೆಸುತ್ತದೆ, ಡಿಜಿಪಿಎಸ್ (ಫೋನಿಗಿಂತ ತುಂಬಾ ನಿಖರವಾದ ಜಿಪಿಎಸ್ ಯಂತ್ರ) ಇಟ್ಟು ಅಳೆಸುತ್ತದೆ. ಅದೇ ಬೇಕಾಗಿರುವುದು.

ಬೆಟ್ಟದ_ಬುಡ

ಎಲ್ಲರೂ ಹೇಳಿದ ಹಾಗೆ ಮಾಡಿದೆ. ಪರಿವೇಶ್‌ನಲ್ಲಿ ಕೆಎಂಎಲ್ ಸಿಕ್ಕಿತು. ನಾನು, ನನ್ನ ತಮ್ಮ, ಪಂಚಾಯಿತಿ ಸದಸ್ಯರೊಬ್ಬರು ಮೂರು ಭಾನುವಾರ ಹೋದೆವು. ಒಳಗೆ ಇಳಿಯಲಿಲ್ಲ, ಅಂಚಿನಿಂದ ದೂರದಲ್ಲೇ ಸುತ್ತು ಹಾಕಿದೆವು. ಯಾರ ಮುಖವನ್ನೂ ತೆಗೆಯಲಿಲ್ಲ.

ಮೊದಲು ಬೇಜಾರಿನ ವಿಷಯ. ಹುಣಸೆ ಮರ ಗುತ್ತಿಗೆಯ ಒಳಗೇ ಇದೆ. ಮೂರು ದಿನವೂ ಹಾಗೇ ಬಂತು, ಗಡಿ ಅಲ್ಲಿಂದ 20 ಮೀಟರ್ ಆಚೆಗಿದೆ. ದಿಶಾಂಕ್ ನಂಬಿ ದೂರು ಬರೆದಿದ್ದರೆ ಮೊದಲ ದಿನವೇ ನಮ್ಮ ಮಾತು ಬಿದ್ದುಹೋಗುತ್ತಿತ್ತು. ನಾನು ಕುರಿ ಕಾಯುತ್ತಿದ್ದ ಜಾಗವನ್ನು ಕಾಗದದ ಮೇಲೆ ಯಾವಾಗಲೋ ಕೊಟ್ಟುಬಿಟ್ಟಿದ್ದಾರೆ. ಅವತ್ತು ಸಂಜೆ ಮನೆಗೆ ಬಂದು ಊಟ ಸೇರಲಿಲ್ಲ.

ಇನ್ನೊಂದು ಕಡೆ, ಹಳ್ಳದ ಬದಿ, ನಾವು ಯೋಚನೆಯೇ ಮಾಡಿರಲಿಲ್ಲ. ಸರ್ವೆಯವರು ರಾಶಿ ನೋಡಿ ಅಂದಿದ್ದಕ್ಕೆ ಆ ಕಡೆ ಹೋದೆವು. ಕ್ವಾರಿ ಮಣ್ಣು, ಕಲ್ಲುಪುಡಿ ಗಡಿಯಿಂದ 25ರಿಂದ 30 ಮೀಟರ್ ಹೊರಗೆ ಬಿದ್ದಿದೆ. ಕೆರೆಗೆ ನೀರು ಬರುವ ಕಾಲುವೆ ಅದರ ಅಡಿಯಲ್ಲಿ ಮುಚ್ಚಿಹೋಗಿದೆ. ಎರಡು ವರ್ಷದಿಂದ ಮಳೆ ಚೆನ್ನಾಗಿ ಬಂದರೂ ಕೆರೆ ತುಂಬುತ್ತಿಲ್ಲ ಅಂತ ಊರಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಉತ್ತರ ಅಲ್ಲೇ ಬಿದ್ದಿತ್ತು. ಸೆಂಟಿನೆಲ್ ಚಿತ್ರದಲ್ಲಿ ಹಿಂದೆ ಹೋದರೆ ಕಾಲುವೆಯ ಹಸಿರು ಗೆರೆ ಒಂದೊಂದೇ ಚುಕ್ಕಿ ಬೆಳ್ಳಗಾಗಿದ್ದು ಕಾಣುತ್ತದೆ.

ಚಾಣ_ಸುತ್ತಿಗೆ

ಅಣ್ಣ, ಬಾಂದು ಕಲ್ಲು ಸಿಗಲಿಲ್ಲ ಅಂದಿರಲ್ಲ. ಮಣ್ಣಿದ್ದ ಕಡೆ ಕಲ್ಲು ನೆಡುತ್ತಾರೆ. ಹಾಸುಬಂಡೆ ಇದ್ದರೆ ಕಲ್ಲು ನೆಡೋಕಾಗಲ್ಲ, ಬಂಡೆ ಮೇಲೇ ಚಾಣದಲ್ಲಿ ಗುರುತು ಕೆತ್ತುತ್ತಾರೆ. ಹಳ್ಳದ ಬದಿ ಹಾಸುಬಂಡೆ ಇದ್ದರೆ ಪುಡಿ ಗುಡಿಸಿ, ನೀರು ಹಾಕಿ ನೋಡಿ. ಕೆತ್ತಿದ ಗೆರೆಯಲ್ಲಿ ನೀರು ನಿಲ್ಲುತ್ತದೆ. ಬೆಳಿಗ್ಗೆ ಅಥವಾ ಸಂಜೆ ಹೋಗಿ, ಓರೆ ಬಿಸಿಲಲ್ಲಿ ಚೆನ್ನಾಗಿ ಕಾಣುತ್ತೆ.

ಬೆಟ್ಟದ_ಬುಡ

ಸಿಕ್ಕಿತು! ನಿನ್ನೆ ಬೆಳಿಗ್ಗೆ ಏಳು ಗಂಟೆಗೆ ಎರಡು ಕೊಡ ನೀರು ಹೊತ್ತುಕೊಂಡು ಹೋಗಿದ್ದೆವು. ಮೂರನೇ ಬಂಡೆಯ ಮೇಲೆ ಗೇಣುದ್ದದ ಕೂಡು ಗುರುತು, ಪುಡಿ ತೊಳೆದ ಮೇಲೆ ಕನ್ನಡಿ ಹಾಗೆ ನೀರು ನಿಂತುಕೊಂಡಿತು. ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆದಿದ್ದೇವೆ. ಕೆಎಂಎಲ್‌ನ ಮೂಲೆಗೂ ಅದಕ್ಕೂ 3 ಮೀಟರ್ ವ್ಯತ್ಯಾಸ.

ನಕ್ಷೆ, ಫೋಟೋ, ದಿನಾಂಕದ ಪಟ್ಟಿ ಎಲ್ಲ ಸೇರಿಸಿ ಜಿಲ್ಲಾ ಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡಿದ್ದೇವೆ. ಕಾಲುವೆ ತೆರವು ಮಾಡಿಸಿ, ಮರದ ಹತ್ತಿರ ಬೇಲಿ ಹಾಕಿಸಿ, ಈ ಎರಡನ್ನೇ ಕೇಳಿದ್ದೇವೆ. ಮುಂದಿನ ಗುರುವಾರ ಜಂಟಿ ಅಳತೆಗೆ ಬರುತ್ತೇವೆ ಅಂದಿದ್ದಾರೆ. ಸರ್ವೆ ಸರ್, ಅವತ್ತು ನಮ್ಮ ಕಡೆಯಿಂದ ಯಾರು ಯಾರು ಸಹಿ ಹಾಕಬೇಕು, ಮಹಜರಿನಲ್ಲಿ ಕಾಲುವೆ ವಿಷಯ ಬರೆಸೋದು ಹೇಗೆ ಅಂತ ಸ್ವಲ್ಪ ಹೇಳಿಕೊಡಿ.